ಜವಾಬಿಲ್ಲದ ಕ್ಯಾಸೆಟ್ಟು

ಹೋದ ವರ್ಷ ತವರಿನ ಹೊಲದ ಪಹಣಿ ಉತಾರ ತೆಗೆಸಲು ಗಡಿಯಾಚೆಯ ಜತ್ತಕ್ಕೆ ಹೋಗಿದ್ದೆ. ಕಚೇರಿಯಲ್ಲಿ ನಾಳೆ ಬಾ ಎಂದರು. ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದಾಗ ಬಿಸಿಲಿರುವಾಗಲೇ ದಪ್ಪ ಹನಿಯ ಮಳೆ ಶುರುವಾಯಿತು. ಸೆರಗು ತಲೆಗೆ ಎಳೆದುಕೊಂಡು ಎದುರು ಸಿಕ್ಕ ಅಂಗಡಿಯೊಳಕ್ಕೆ ನುಗ್ಗಿದೆ. ಅದೊಂದು ಗಾದಿ ಅಂಗಡಿ. ತೆಂಗಿನ ನಾರಿನ ಗಾದಿಗಳನ್ನು ಸಾಲಾಗಿ ಗೋಡೆಗೆ ಒರಗಿಸಿದ್ದರು. ಮೇಲೆ ಕಾದ ತಗಡಿನ ಪತ್ರಾಸಿನ ಮೇಲೆ ಮಳೆ ಬಿದ್ದು ಕಿವಿ ಕಿವುಡಾಗುವಂಥ ಸದ್ದು. ನಾರಿನ ವಾಸನೆ ಮೂಗಿಗೆ ಹತ್ತಿತು. ಆಮೇಲೆ ತಲೆಯೆತ್ತಿ ನೋಡಿದೆ. ತೊಲೆಗಳು ಅವೇ. ಹಿಂದಿನ ಗೋಡೆಯಲ್ಲಿ ಮೊದಲು ಕಿಟಕಿಯಿದ್ದ ಜಾಗವನ್ನು ಇಟ್ಟಿಗೆ ಹಾಕಿ ಮುಚ್ಚಿ ಬಣ್ಣ ಬಳಿದಿದ್ದರು.

“ಬರ್ರಿ ಮಾವಶಿ, ಕುಂದ್ರಿ. ಮಳಿ ನಿಂತ ಮ್ಯಾಲ ಹೋಗೀರಂತ,” ಎಂದ ಅಂಗಡಿಯ ಹುಡುಗ.

“ಇಲ್ಲಿ ಮೊದಲ ಏನಿತ್ತಪ್ಪಾ?” ಎಂದು ಕೇಳಿದೆ.

“ಶೇಂಗಾದ ಗೋದಾಮ ಇತ್ತಂತ್ರಿ.”

ಅದು ಸುಳ್ಳಲ್ಲ. ಆದರೆ ಗೋದಾಮಿಗೂ ಗಾದಿಗೂ ನಡುವೆ ಅಲ್ಲಿ ಹತ್ತಾರು ವರ್ಷ ಒಂದು ಸ್ಟುಡಿಯೊ ಇತ್ತು. ಇಂಡಿ, ಅಥಣಿ, ಮಂಗಳವೇಢೆಯಿಂದ ಹಾಡುಗಾರರು ಬಂದು ಅದರ ಕಟ್ಟೆಯ ಮೇಲೆ ಸರದಿ ಕಾಯುತ್ತ ಕೂತಿರುತ್ತಿದ್ದರು. ಆ ಹುಡುಗನಿಗೆ ಅದು ಗೊತ್ತಿಲ್ಲ. ಮಳೆ ನಿಲ್ಲುವವರೆಗೆ ಕೂತು ಎದ್ದು ಬಂದೆ. ಆದರೆ ಬಸ್ಸಿನಲ್ಲಿ ಕೂತ ಮೇಲೂ ಆ ಸ್ಟುಡಿಯೊದ ಒಂದು ಬೇಸಿಗೆ ನನ್ನನ್ನು ಬಿಡಲಿಲ್ಲ.

ಸ್ಟುಡಿಯೊ ಕಟ್ಟಿದವನು ಅಪ್ಪಾಸಾಬ ಶೇಠ. ಮೊದಲು ಆತ ರೇಡಿಯೊ, ಟೇಪ್ ರೆಕಾರ್ಡರ್ ಮಾರುತ್ತಿದ್ದ. ಜನ ಅಂಗಡಿಗೆ ಬಂದು ನಮ್ಮ ಕಡೆಯ ಹಾಡಿನ ಕ್ಯಾಸೆಟ್ ಕೇಳುತ್ತಿದ್ದರು. ಅಂಥದ್ದು ಎಲ್ಲೂ ಇರಲಿಲ್ಲ. ಹಾಗಾದರೆ ನಾವೇ ಮಾಡೋಣ ಎಂದು ಅಂಗಡಿಯ ಹಿಂದಿದ್ದ ಶೇಂಗಾ ಗೋದಾಮು ಖಾಲಿ ಮಾಡಿಸಿದ. ಸದ್ದು ಮೊಳಗಬಾರದೆಂದು ಗೋಡೆ ತುಂಬ ನಾರಿನ ಗಾದಿ ಬಡಿಸಿದ, ಮೇಲೆ ತತ್ತಿಯ ತಟ್ಟೆಗಳನ್ನು ಅಂಟಿಸಿದ. ಗಾಜಿನ ಕಿಟಕಿಯ ಆಚೆ ಯಂತ್ರಗಳು, ಈಚೆ ನಾವು. ಯಂತ್ರ ನೋಡಿಕೊಳ್ಳಲು ಮಿರಜಿನಲ್ಲಿ ಕೆಲಸ ಕಲಿತು ಬಂದ ರಸೂಲ ಎಂಬ ಹುಡುಗನನ್ನು ಇಟ್ಟುಕೊಂಡ. ಮೊದಲು ಡೊಳ್ಳಿನ ಪದ, ಆಮೇಲೆ ಭಜನೆ, ಮೊಹರಮ್ಮಿನ ರಿವಾಯತು, ಮರಾಠಿ ಅಭಂಗ, ಎಲ್ಲವನ್ನೂ ಅಲ್ಲಿ ಹಾಡಿಸಿದ. ಕ್ಯಾಸೆಟ್ಟಿನ ಹೊದಿಕೆಯ ಒಂದು ಮಗ್ಗುಲಿಗೆ ಕನ್ನಡ, ಇನ್ನೊಂದು ಮಗ್ಗುಲಿಗೆ ಮರಾಠಿ. ತೊಂಬತ್ತರ ದಶಕದ ನಡುವಿಗೆ ಬರುವಷ್ಟರಲ್ಲಿ ನಮ್ಮ ಸೀಮೆಯಲ್ಲಿ ಅವನ ಕ್ಯಾಸೆಟ್ ಇಲ್ಲದ ಚಹಾದಂಗಡಿ ಇರಲಿಲ್ಲ.

ಆ ಸ್ಟುಡಿಯೊಕ್ಕೆ ಹೆಸರು ತಂದದ್ದು ಮಾತ್ರ ಹರದೇಶಿ-ನಾಗೇಶಿ ಹಾಡು. ಹರದೇಶಿಯವರು ಗಂಡು ಹೆಚ್ಚೆಂದು ಹಾಡಬೇಕು, ನಾಗೇಶಿಯವರು ಹೆಣ್ಣು ಹೆಚ್ಚೆಂದು ಹಾಡಬೇಕು. ಅವರು ಸವಾಲು ಹಾಕಬೇಕು, ಇವರು ಜವಾಬು ಕೊಡಬೇಕು. ಬಯಲಿನಲ್ಲಾದರೆ ಅದು ಸಂಜೆ ಶುರುವಾಗಿ ಕೋಳಿ ಕೂಗುವ ತನಕ ನಡೆಯುತ್ತಿತ್ತು. ಜವಾಬು ಹೊಳೆಯದೆ ನಿಂತವರು ಸೋತಂತೆ. ಕ್ಯಾಸೆಟ್ಟು ಬಂದು ಅದನ್ನು ಒಂದು ತಾಸಿಗೆ ಕತ್ತರಿಸಿತು. ಪುರಾಣದ ಉದ್ದನೆಯ ಕತೆಗಳು ಹೋದವು. ತಾಳ ಚುರುಕಾಯಿತು. ಸಮಯ ತಪ್ಪಬಾರದೆಂದು ಸವಾಲು ಜವಾಬು ಎರಡನ್ನೂ ಮೊದಲೇ ಗೊತ್ತುಮಾಡಿಕೊಂಡು ಹಾಡುವುದು ರೂಢಿಯಾಯಿತು.

ನಾಗೇಶಿ ಹಾಡುವವಳು ಬಿಳೂರಿನ ಮಲ್ಲವ್ವ. ಹರದೇಶಿಯವನು ಬಸಣ್ಣ, ಆಕೆಗಿಂತ ಹತ್ತು ವರ್ಷ ದೊಡ್ಡವನು, ಅದೇ ಊರಿನವನು. ಹಾಡಿನಲ್ಲಿ ಹಾವು ಮುಂಗುಸಿ, ಹಾಡು ಮುಗಿದರೆ ಅಣ್ಣ ತಂಗಿ. ಆಕೆ ಅವನಿಗೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಬರುತ್ತಿದ್ದಳು. ಅವನು ಬಸ್ಸಿನಲ್ಲಿ ಆಕೆಗೆ ಜಾಗ ಹಿಡಿಯುತ್ತಿದ್ದ. ನಾನು ವಳಸಂಗದವಳು. ನಮ್ಮಪ್ಪ ಮಲ್ಲವ್ವನ ಮೇಳದಲ್ಲಿ ಒಂಟಿ ತಂತಿಯ ತುಂತುಣಿ ಬಾರಿಸುತ್ತಿದ್ದ. ಅವನ ಕಾಲು ಬಿದ್ದುಹೋದ ಮೇಲೆ ಆಕೆಯೇ ಮನೆಗೆ ಬಂದು, “ಕಸ್ತೂರಿನ್ನ ನನ್ನ ಸಂಗಡ ಕಳಸು ಕಾಕಾ, ಹಿಮ್ಮೇಳಕ್ಕ ದನಿ ಚಲೋ ಐತಿ,” ಎಂದು ಕರೆದುಕೊಂಡು ಹೋದಳು. ಆಗ ನನಗೆ ಇಪ್ಪತ್ತೆರಡು.

ಮಲ್ಲವ್ವನ ಗಂಡ ಆಕೆಯನ್ನು ಬಿಟ್ಟು ಇಚಲಕರಂಜಿಯಲ್ಲಿ ಬೇರೆ ಸಂಸಾರ ಹೂಡಿದ್ದ. ಒಬ್ಬ ಮಗನಿದ್ದ, ಸಿದ್ದು. ಅವನು ಐದು ವರ್ಷದವನಿದ್ದಾಗ ಮನೆಯ ಹಿಂದಿನ ಬಾವಿಯಲ್ಲಿ ಬಿದ್ದು ಸತ್ತ. ಆವತ್ತು ಮಲ್ಲವ್ವ ಉಮದಿ ಕಡೆ ಹಾಡಲು ಹೋಗಿದ್ದಳು. ಕೂಸನ್ನು ನೋಡಿಕೊಳ್ಳಬೇಕಿದ್ದ ಆಕೆಯ ಮುದುಕಿ ತಾಯಿಗೆ ಮಧ್ಯಾಹ್ನದ ಜೊಂಪು ಹತ್ತಿತ್ತು. ಇದು ನಾನು ಮೇಳಕ್ಕೆ ಸೇರುವ ಮೊದಲಿನ ಮಾತು. ಮೇಳದಲ್ಲಿ ಯಾರೂ ಅದರ ಹೆಸರೆತ್ತುತ್ತಿರಲಿಲ್ಲ. ಹಾಡಿನಲ್ಲಿ ಬಾವಿ ಎಂಬ ಶಬ್ದ ಬಂದರೆ ಬಸಣ್ಣನೇ ಅದನ್ನು ಕೆರೆ ಎಂದು ತಿದ್ದಿ ಹಾಡುತ್ತಿದ್ದ. ಅಷ್ಟು ಕಾಳಜಿಯಿತ್ತು ಅವನಿಗೆ.

ಆ ಬೇಸಿಗೆಯಲ್ಲಿ ಅಪ್ಪಾಸಾಬನ ಕ್ಯಾಸೆಟ್ಟುಗಳ ಮಾರಾಟ ಕುಸಿದಿತ್ತು. ದೊಡ್ಡ ಊರಿನ ಕಂಪನಿಯವರು ಕೀಬೋರ್ಡು ಹಾಕಿ, ಕುಣಿಯುವಂಥ ಜಾನಪದ ಹಾಡು ತಂದಿದ್ದರು. ನಮ್ಮ ದಪ್ಪು ತುಂತುಣಿ ಅದರೆದುರು ಮುದುಕರ ಕೆಮ್ಮಿನಂತೆ ಕೇಳುತ್ತಿತ್ತು. ಅಪ್ಪಾಸಾಬ ಎಲ್ಲರ ಎದುರಿಗೇ ಅನ್ನುತ್ತಿದ್ದ: “ಮಂದಿಗಿ ಪುರಾಣ ಸಾಕಾಗೇತಿ. ಅವರಿಗಿ ಖರೆ ಬೇಕು. ಖರೆ ಕಣ್ಣೀರು, ಖರೆ ಜಗಳ.” ನಾವು ನಗುತ್ತಿದ್ದೆವು.

ರೆಕಾರ್ಡಿಂಗಿನ ದಿನ ಹೊರಗೆ ಕಾಲಿಟ್ಟರೆ ಬೊಬ್ಬೆ ಏಳುವಂಥ ಬಿಸಿಲು. ಒಳಗೆ ಇನ್ನೂ ಕಷ್ಟ. ಫ್ಯಾನಿನ ಸದ್ದು ಮೈಕಿಗೆ ಹೋಗುತ್ತದೆಂದು ಅದನ್ನು ಬಂದ್ ಮಾಡುತ್ತಿದ್ದರು. ಗಾದಿಗಳಿಂದ ಬಿಸಿಯಾದ ನಾರಿನ ವಾಸನೆ ಏಳುತ್ತಿತ್ತು. ಒಂದು ಮಗ್ಗುಲು ಮುಗಿಸಿ, ಎರಡನೆಯದರ ಕೊನೆಯ ಹಾಡೊಂದು ಉಳಿದಿತ್ತು. ಅಪ್ಪಾಸಾಬ ಬಸಣ್ಣನನ್ನು ಚಹಾಕ್ಕೆಂದು ಹೊರಗೆ ಕರೆದುಕೊಂಡು ಹೋದ. ಬಹಳ ಹೊತ್ತಾದ ಮೇಲೆ ಇಬ್ಬರೂ ಬಂದರು. ಬಸಣ್ಣ ಟವಲಿನಿಂದ ಕತ್ತು ಒರೆಸಿಕೊಳ್ಳುತ್ತಲೇ ಇದ್ದ. ಮಲ್ಲವ್ವನ ಮುಖ ನೋಡಲಿಲ್ಲ.

“ತಂಗಿ, ಕಡೀ ಹಾಡು ಮೊದಲ ಹೇಳಿಕೊಳ್ಳದ ಹಾಡೂಣು. ಬಯಲಾಗ ಹಾಡಿಧಂಗ,” ಎಂದ.

ಮಲ್ಲವ್ವನ ಮುಖ ಅರಳಿತು. ಗೊತ್ತಿರುವ ಸವಾಲಿಗೆ ಗೊತ್ತಿರುವ ಜವಾಬು ಕೊಟ್ಟು ಆಕೆಗೆ ಬೇಜಾರಾಗಿತ್ತು. “ಎಷ್ಟ ದಿನಾ ಆತೋ ಅಣ್ಣಾ ಹಂಗ ಹಾಡಿ! ಬರ್ಲಿ, ಏನ್ ಕೇಳ್ತಿ ಕೇಳು. ನೋಡೂಣು ಯಾರ್ ನೀರ ಕುಡೀತಾರ,” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾಳ ಹಿಡಿದು ಮೈಕಿನೆದುರು ನಿಂತಳು.

ಕೆಂಪು ದೀಪ ಹತ್ತಿತು. ಬಸಣ್ಣ ಎಂದಿನಂತೆ ದೇವರನ್ನು ನೆನೆದ, ಗುರುವನ್ನು ನೆನೆದ, ಒಂದೆರಡು ಸಾದಾ ಸವಾಲು ಹಾಕಿದ. ಮಲ್ಲವ್ವ ಆಡಾಡುತ್ತಲೇ ಜವಾಬು ಕೊಟ್ಟಳು. ನಾವು ಮೂವರು ಹೆಂಗಸರು ಗೀಯ ಗೀಯ ಎಂದು ಹಿಮ್ಮೇಳ ಹಿಡಿದೆವು. ಆಮೇಲೆ ಅವನು ಕಣ್ಣು ಮುಚ್ಚಿಕೊಂಡ. ಹಾಡುವಾಗ ಎಂದೂ ಕಣ್ಣು ಮುಚ್ಚುವವನಲ್ಲ.

ಊರ ಮಂದಿಗೆ ಹಾಡ ಉಣಿಸಿದಾಕಿ
ಮನಿಯ ಕೂಸಿನ ಕಡೆ ನೋಡಲಿಲ್ಲ
ಬಾವಿ ಕೇಳತೈತಿ ತಾಯಿ ಎಲ್ಲೆಂದು
ತಾಯಿ ಮೈಕಿನ ಮುಂದ ನಿಂತಾಳಲ್ಲ

ದಪ್ಪು ಬಾರಿಸುವವನ ಕೈ ನಿಂತಿತು. ನನ್ನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಮಲ್ಲವ್ವ ಬಸಣ್ಣನನ್ನು ನೋಡಿದಳು. ತಾನು ಕೇಳಿದ್ದು ಸರಿಯೋ ಎಂದು ಪರೀಕ್ಷಿಸುವಂತೆ ನೋಡಿದಳು. ಆಕೆಯ ತುಟಿ ಅಲುಗಿದವು, ಒಂದು ಶಬ್ದ ಹೊರಡುವುದರಲ್ಲಿತ್ತು. ಆಗ ಬಾಯಿಯ ಮೇಲೆ ಕೈ ಒತ್ತಿಕೊಂಡಳು. ಗಂಟಲಿನಿಂದ ಒಂದು ಸದ್ದು ಬಂತು. ದೊಡ್ಡ ತುತ್ತೊಂದನ್ನು ಅಗಿಯದೆ ನುಂಗಿದರೆ ಬರುವಂಥದ್ದು. ಆಮೇಲೆ ಅಳು. ಗಾಜಿನ ಆಚೆ ರಸೂಲ ಯಂತ್ರ ನಿಲ್ಲಿಸಲು ಕೈ ಚಾಚಿದ. ಅಪ್ಪಾಸಾಬ ಅವನ ಮಣಿಕಟ್ಟು ಹಿಡಿದುಕೊಂಡ.

ಅಳುತ್ತಿದ್ದರೂ ಮಲ್ಲವ್ವ ಬಗ್ಗಿ ತಾಳವನ್ನು ಸದ್ದಾಗದಂತೆ ಚಾಪೆಯ ಮೇಲೆ ಇಟ್ಟಳು. ಕೆಂಪು ದೀಪ ಹತ್ತಿರುವಾಗ ಸದ್ದು ಮಾಡಬಾರದು ಎಂಬುದು ಮೈಗೆ ಹತ್ತಿದ ರೂಢಿ. ಚಪ್ಪಲಿ ಮೆಟ್ಟದೆ ಬಿಸಿಲಿಗೆ ಹೊರಟುಹೋದಳು.

ದೀಪ ಆರಿತು. ರಸೂಲ ಕಿವಿಯ ಮೇಲಿನ ಹೆಡ್‌ಫೋನು ಕಿತ್ತು ಹಾಕಿ ಹೊರಬಂದ.

“ಶೇಠ್ರ, ಇದನ್ನ ಅಳಸ್ತೀನ್ರಿ. ಇದು ಹಾಡಲ್ರಿ.”

“ಕೈ ಹಚ್ಚಬ್ಯಾಡ,” ಎಂದ ಅಪ್ಪಾಸಾಬ. “ಇಷ್ಟ ವರ್ಷದಾಗ ಈ ಖೋಲ್ಯಾಗ ಖರೆ ಹಾಡ ಆಗಿದ್ದು ಇದೊಂದ.”

ಬಸಣ್ಣ ಅಲ್ಲೇ ನಿಂತಿದ್ದ. “ನೀವ ಅಂದ್ರಿ, ಬರೇ ಒಂದ ಸವಾಲ, ಅಕಿ ಜವಾಬ ಕೊಡ್ತಾಳ ಅಂತ...”

“ಹಾಡಿದಾಂವ ನೀ. ನಾ ಏನ್ ಹಾಡೀನಿ?”

ನಾನು ಮಲ್ಲವ್ವನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಓಡಿದೆ. ಬಸ್ ಸ್ಟ್ಯಾಂಡಿನ ನೀರಿನ ಟಾಕಿಯ ಮಗ್ಗುಲಿಗೆ ಕೂತಿದ್ದಳು. ಅಂಗಾಲು ಕೆಂಪಾಗಿದ್ದವು. ನಾನು ಬಸಣ್ಣನನ್ನು ಬಾಯಿಗೆ ಬಂದಂತೆ ಬೈಯತೊಡಗಿದೆ. ಆಕೆ, “ಸುಮ್ಮ್ ಕುಂದ್ರ,” ಎಂದಳು. ಅಷ್ಟೇ.

ಕ್ಯಾಸೆಟ್ಟು ಮುಂಗಾರಿನ ಮೊದಲೇ ಬಂತು. ಅದು ಬಂದದ್ದು ನಮಗೆ ಗೊತ್ತಾದದ್ದು ಜೀಪಿನಲ್ಲಿ. ಬಿಳೂರಿನಿಂದ ಜತ್ತಕ್ಕೆ ಮಂದಿ ತುಂಬಿಕೊಂಡು ಹೋಗುವ ಜೀಪು. ನಾನು, ಮಲ್ಲವ್ವ ಹಿಂದಿನ ಸೀಟಿನಲ್ಲಿ ಇನ್ನಾರೇಳು ಮಂದಿಯ ನಡುವೆ ಒತ್ತಿಕೊಂಡು ಕೂತಿದ್ದೆವು. ಡ್ರೈವರ್ ಹೊಸ ಕ್ಯಾಸೆಟ್ ಹಾಕಿ, “ಕೇಳ್ರಿ ಇದನ್ನ, ಕಲ್ಲಿಗೂ ನೀರ ಬರತೈತಿ,” ಎಂದ. ಬಸಣ್ಣನ ದನಿ ಬಂತು. ಆ ನಾಲ್ಕು ಸಾಲು ಬಂದವು. ಆ ನುಂಗಿದ ಸದ್ದು ಬಂತು, ಅಳು ಬಂತು.

ಎದುರಿಗಿದ್ದ ಒಬ್ಬ ಮುದುಕಿ ಕಣ್ಣೊರೆಸಿಕೊಂಡಳು. ಮಲ್ಲವ್ವನ ಭುಜಕ್ಕೆ ಭುಜ ತಾಗಿಸಿ ಕೂತಿದ್ದ, ತಲೆಗೆ ಪಟಕಾ ಸುತ್ತಿದವನು, “ಅಳ್ಳಿ ಬಿಡ್ರಿ. ಕೂಸ ಬಿಟ್ಟು ಹಾಡಾಕ ಹ್ವಾದ್ರ ಮತ್ತೇನಾಗತೈತಿ? ಹಿಂತಾಕಿಗಿ ಹಿಂಗ ಆಗಬೇಕು,” ಎಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಮಲ್ಲವ್ವ ನನ್ನ ಮೊಣಕಾಲನ್ನು ಉಗುರು ನಾಟುವಂತೆ ಹಿಡಿದಳು. ಅಷ್ಟರಲ್ಲಿ ಅಳುವಿನ ಮೇಲೆ ಹಿಮ್ಮೇಳ ಎದ್ದಿತು. ಗೀಯ ಗೀಯ ಎಂದು ಮೂವರು ಹೆಂಗಸರು ಉಲ್ಲಾಸದಿಂದ ಹಾಡುತ್ತಿದ್ದರು. ಅದರಲ್ಲಿ ಮೇಲಿನ ದನಿ ನನ್ನದು. ನಾವು ಅಲ್ಲಿ ಹಾಡಿರಲೇ ಇಲ್ಲ. ಬೇರೆ ಹಾಡಿನ ಹಿಮ್ಮೇಳವನ್ನು ಕತ್ತರಿಸಿ ತಂದು ಜೋಡಿಸಿದ್ದರು. ಆಕೆ ಅಳುತ್ತಿದ್ದಾಳೆ, ನಾವು ಸುಗ್ಗಿ ಮಾಡುತ್ತಿದ್ದೇವೆ.

ಮಲ್ಲವ್ವ ನನ್ನ ಕಡೆ ತಿರುಗಿದಳು. “ನೀ ಹಾಡಿದೇನ?”

“ಇಲ್ಲಕ್ಕಾ. ನಿನ್ನಾಣಿ ಇಲ್ಲ.”

ಆಕೆ ನಂಬಿದಳು. ನಮ್ಮ ಮನೆಯವರೇ ನಂಬಲಿಲ್ಲ. ನನ್ನ ಅವ್ವ ಎಷ್ಟೋ ವರ್ಷದ ತನಕ, “ಹಂತಾ ಹೊತ್ತಿನ್ಯಾಗ ನಿನಗ ಹಾಡಾಕ ಮನಸ ಹ್ಯಾಂಗ ಬಂತ ಕಸ್ತೂರಿ?” ಎಂದು ಕೇಳುತ್ತಿದ್ದಳು.

ಜೀಪಿನಿಂದ ಇಳಿದವಳೇ ಮಲ್ಲವ್ವ ನೆಟ್ಟಗೆ ಅಪ್ಪಾಸಾಬನ ಅಂಗಡಿಗೆ ನಡೆದಳು. ಆಕೆಯನ್ನು ಕಂಡವನೇ ಅವನು ಎದ್ದು ಬಂದು ಕೈಮುಗಿದ.

“ಶೇಠ್ರ, ಆ ಹಾಡ ತಗಸ್ರಿ. ಉಳದದ್ದು ಏನರ ಮಾಡ್ಕೊರ್ರಿ. ಅದೊಂದ ಅಳಸ್ರಿ.”

“ಹ್ಯಾಂಗ ಅಳಸ್ಲಿ ಮಲ್ಲವ್ವಾ? ಈಗ ಅದು ನಿಂದೂ ಅಲ್ಲ ನಂದೂ ಅಲ್ಲ. ಮಂದೀದಾಗೇತಿ,” ಎಂದು ಅಂಗಡಿಯ ಹುಡುಗನಿಗೆ ಕಣ್ಸನ್ನೆ ಮಾಡಿದ. ನೋಡುನೋಡುತ್ತಿದ್ದಂತೆ ಅಕ್ಕಪಕ್ಕದ ಅಂಗಡಿಯವರು, ಚಹಾದವರು, ಹಾದಿಯಲ್ಲಿ ಹೋಗುವವರು ಕೂಡಿದರು. ಒಂದು ಶಾಲು ಬಂತು, ಒಂದು ತೆಂಗಿನಕಾಯಿ ಬಂತು. ಬೇಡ ಬೇಡ ಎನ್ನುತ್ತಿದ್ದವಳ ಹೆಗಲಿಗೆ ಶಾಲು ಬಿತ್ತು. ಒಳಗಿನಿಂದ ಲೌಡ್ ಸ್ಪೀಕರಿನಲ್ಲಿ ಅದೇ ಹಾಡು ಶುರುವಾಯಿತು. ಜನ ಚಪ್ಪಾಳೆ ತಟ್ಟಿದರು. ಯಾರೋ ಫೋಟೊ ಹೊಡೆದರು. ಆಕೆ ಅಳುವುದನ್ನು ತಡೆಯಲು ಮುಖವನ್ನು ಗಂಟು ಮಾಡಿಕೊಂಡಿದ್ದಳು. ಮುಂದಿನ ಸಲ ಅಚ್ಚಾದ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಅದೇ ಫೋಟೊ ಬಂತು.

ರಸೂಲ ಆ ವಾರವೇ ಕೆಲಸ ಬಿಟ್ಟು ಮಿರಜಿಗೆ ಹೋದ. ಹೋಗುವ ಮುಂಚೆ ನನಗೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. “ಹಿಮ್ಮೇಳ ಜೋಡಿಸಿದ್ದು ನಾನಽ ಅಕ್ಕಾ. ನಾ ಇಲ್ಲ ಅಂದಿದ್ರ ಶೇಠ್ರಿಗಿ ಜೋಡಸಾಕ ಬರ್ತಿರಲಿಲ್ಲ,” ಎಂದ. ನಾನು ನನ್ನ ಬಸ್ಸು ಹತ್ತಿದೆ.

ಮಲ್ಲವ್ವ ಹಾಡು ಬಿಡುತ್ತಾಳೆಂದು ನಾನು ತಿಳಿದಿದ್ದೆ. ಬಿಡಲಿಲ್ಲ. ಹಾಡು ಬಿಟ್ಟರೆ ಮೇಳದವರ ಗತಿಯೇನು ಎಂದಳು. ಬಸಣ್ಣ ಬಂದು ಕಾಲಿಗೆ ಬೀಳಲು ಹೋದಾಗ, “ಏಳು. ಮುಂದಿನ ಹಾಡಿಕಿ ಎಲ್ಲೈತಿ ಹೇಳು,” ಎಂದಳು. ಅವನು ಅದನ್ನೇ ಕ್ಷಮೆ ಎಂದುಕೊಂಡ.

ಸಜ್ಜೆ ಬಿತ್ತುವ ಹೊತ್ತಿಗೆ ಒಂದು ಊರಿನಲ್ಲಿ ಹಾಲಿನ ಸೊಸಾಯಿಟಿ ತೆರೆಯುವ ಕಾರ್ಯಕ್ರಮಕ್ಕೆ ನಮ್ಮನ್ನು ಕರೆಸಿದರು. ಮಧ್ಯಾಹ್ನ, ಶಾಮಿಯಾನದ ಕೆಳಗೆ ಊರಿಗೆ ಊರೇ ಕೂಡಿತ್ತು. ಮಲ್ಲವ್ವ ಹೊಸ ಸವಾಲು ಕಟ್ಟಿಕೊಂಡು ಬಂದಿದ್ದಳು. ಒಂದು ಹಾಡು ಮುಗಿಯುತ್ತಲೇ ಮುಂದಿನ ಸಾಲಿನವರು ಕೂಗಿದರು: “ಅದು ಬ್ಯಾಡ. ಬಾವೀದು ಹಾಡ್ರಿ, ಬಾವೀದು!” ಕೂಗು ಹಿಂದಕ್ಕೆ ಹಬ್ಬಿತು. ಸೊಸಾಯಿಟಿಯ ಚೇರಮನ್ನ ವೇದಿಕೆ ಹತ್ತಿ ಬಸಣ್ಣನ ಕಿವಿಯಲ್ಲಿ ಏನೋ ಹೇಳಿದ. ಬಸಣ್ಣ ಮಲ್ಲವ್ವನ ಕಡೆ ನೋಡಿದ. ಆಕೆ ನೆಲ ನೋಡುತ್ತಿದ್ದಳು.

ಅವನು ಹಾಡಿದ. ಎರಡನೆಯ ಸಲವೂ ಹಾಡಿದ. ಸ್ಟುಡಿಯೊದಲ್ಲಿ ಅವನನ್ನು ಪುಸಲಾಯಿಸಿದ್ದರು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಇಲ್ಲಿ ಇಡೀ ಊರಿನ ಎದುರು, ಕಣ್ಣು ತೆರೆದುಕೊಂಡೇ ಹಾಡಿದ.

ಎಲ್ಲರೂ ಮಲ್ಲವ್ವನ ಮುಖವನ್ನು ನೋಡುತ್ತಿದ್ದರು. ಹೆಂಗಸರು ಸೆರಗಿನ ತುದಿಯನ್ನು ಕಣ್ಣಿನ ಹತ್ತಿರ ಒಯ್ದು ತಯಾರಾಗಿದ್ದರು. ಆಕೆಯ ಕಣ್ಣಿನಿಂದ ಒಂದು ಹನಿಯೂ ಬೀಳಲಿಲ್ಲ. ತಾಳ ಹಿಡಿದು ಕಲ್ಲಿನಂತೆ ನಿಂತಿದ್ದಳು. ಸ್ವಲ್ಪ ಹೊತ್ತು ಕಾದರು. ಆಮೇಲೆ ಗುಸುಗುಸು, ಆಮೇಲೆ ಸೀಟಿ.

“ಅಳಬೇ!”

“ಕ್ಯಾಸೆಟ್‌ನಾಗ ಅತ್ತಿದಿ, ಇಲ್ಲಿ ಯಾಕ ಅಳಂಗಿಲ್ಲ?”

“ಎಲ್ಲಾ ನಾಟಕ ಐತೋ! ಕೂಸೂ ಇಲ್ಲ ಬಾವೀನೂ ಇಲ್ಲ. ಸ್ಟುಡಿಯೊದಾಗ ಬೇರೆ ಯಾರನ್ನೋ ಅಳಿಸ್ಯಾರ!”

ಯಾರೋ ಕಾಲಿನ ಚಪ್ಪಲಿ ಎಸೆದರು. ಅದು ನನ್ನ ಮೊಣಕೈಗೆ ಬಿತ್ತು. ಚೇರಮನ್ನ ಮೈಕು ಕಸಿದುಕೊಂಡು ಶಾಂತತಾ ಶಾಂತತಾ ಎನ್ನುತ್ತಿದ್ದ. ಮಲ್ಲವ್ವ ತಾಳವನ್ನು ವೇದಿಕೆಯ ಹಲಗೆಯ ಮೇಲೆ ಎಸೆದಳು. ಅದು ಉರುಳಿ ಮಂದಿಯ ನಡುವೆ ಬಿತ್ತು. ನಾವು ಹಿಂದಿನಿಂದ ಇಳಿದು ಹೊಲದ ಬದುವಿನ ಮೇಲೆ ನಡೆದು ಡಾಂಬರು ರಸ್ತೆ ಸೇರಿದೆವು. ಹೊಸದಾಗಿ ಬಿತ್ತಿದ ಹೊಲದ ಮಣ್ಣು ಕಾಲಿಗೆ ಹತ್ತಿ ಭಾರವಾಗುತ್ತಿತ್ತು.

ಹಾದಿಯಲ್ಲಿ ಆಕೆ ಒಂದೇ ಮಾತು ಆಡಿದಳು. “ನನ್ನ ಮಗಾ ಇರಲೇ ಇಲ್ಲ ಅಂದ್ರು, ಕೇಳಿದೇನ?”

ಅಂದಿನಿಂದ ಆಕೆ ಹಾಡಲಿಲ್ಲ. ಬಸಣ್ಣನೊಂದಿಗೆ ಮಾತು ಬಿಟ್ಟಳು. ಒಂದೇ ಊರು, ಒಂದೇ ನೀರಿನ ಹಾದಿ, ಆದರೂ ಬಿಟ್ಟಳು. ಮೇಳ ಚದುರಿತು. ಬಸಣ್ಣ ಬೇರೆ ಹೆಂಗಸನ್ನು ಹುಡುಕಿಕೊಂಡು ಒಂದೆರಡು ಕ್ಯಾಸೆಟ್ ಮಾಡಿದ, ಅವು ನಡೆಯಲಿಲ್ಲ. ನನ್ನ ಲಗ್ನವಾಯಿತು, ಅಥಣಿಯ ಕಡೆ ಹೋದೆ. ಸಿಡಿ ಬಂತು. ಅಪ್ಪಾಸಾಬ ಕೀಬೋರ್ಡು ತಂದು, ಕುಣಿಯುವ ಹುಡುಗಿಯರನ್ನು ತಂದು ವೀಡಿಯೊ ಮಾಡಲು ಹೋದ. ಕೈ ಸುಟ್ಟುಕೊಂಡ. ಲಕ್ವ ಹೊಡೆದು ಅವನ ಅರ್ಧ ಬಾಯಿ ಬಿದ್ದುಹೋಯಿತು. ನಾನು ಒಮ್ಮೆ ಕಂಡೆ, ಅಂಗಡಿಯ ಮುಂದೆ ಕುರ್ಚಿಯಲ್ಲಿ ಕೂರಿಸಿದ್ದರು, ಮಾತಾಡಲು ಹೋಗಿ ಜೊಲ್ಲು ಸುರಿಸುತ್ತಿದ್ದ. ಕನಿಕರ ಬರಲಿಲ್ಲ. ಸ್ಟುಡಿಯೊ ಮುಚ್ಚಿತು. ಅಲ್ಲಿ ಹಾಡಿದ ಡೊಳ್ಳಿನ ಪದ, ರಿವಾಯತು, ಅಭಂಗ, ಯಾವುದೂ ಉಳಿಯಲಿಲ್ಲ. ಟೇಪುಗಳಿಗೆ ಬೂಸು ಹತ್ತಿ ಬಿಸಾಕಿದರಂತೆ. ಉಳಿದದ್ದು ಆ ಬಾವಿಯ ಹಾಡೊಂದೇ. ಅದು ಮೊಬೈಲಿಗೆ ಹೋಯಿತು, ಮೊಬೈಲಿನಿಂದ ಮೊಬೈಲಿಗೆ ಹೋಯಿತು.

ಕೆಲವು ವರ್ಷಗಳ ಮೇಲೆ ತವರಿಗೆ ಬಂದವಳು ಬಿಳೂರಿಗೆ ಹೋಗಿದ್ದೆ. ಮಧ್ಯಾಹ್ನಕ್ಕಿನ್ನೂ ಹೊತ್ತಿತ್ತು. ಮಲ್ಲವ್ವ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಮೊರದ ಆಚೆ ಕೂತು ಕಲ್ಲು ಆರಿಸುತ್ತಿದ್ದೆ. ಬಾಗಿಲಿಗೆ ನೆರಳು ಬಿತ್ತು. ಬಸಣ್ಣ. ಕೋಲೂರಿಕೊಂಡು ನಿಂತಿದ್ದ. ಗಂಟಲಿಗೆ ಏನೋ ಬೇನೆಯಾಗಿ ಸಾಂಗ್ಲಿಯ ತನಕ ತೋರಿಸಿ ಬಂದಿದ್ದಾನೆಂದು ಕೇಳಿದ್ದೆ. ಕುತ್ತಿಗೆ ಒಣಗಿದ ಬಳ್ಳಿಯಂತಾಗಿತ್ತು.

“ತಂಗೀ,” ಎಂದ. ದನಿ ಗಾಳಿಯಲ್ಲಿ ಅರ್ಧ ಹೋಗುತ್ತಿತ್ತು. “ಡಾಕ್ಟ್ರು ಇನ್ನ ಭಾಳ ದಿನ ಇಲ್ಲ ಅಂದಾರ. ಹೋಗೂಕಿಂತ ಮೊದಲ ನಿನ್ನ ಬಾಯಿಂದ ಒಂದ ಮಾತ ಕೇಳಬೇಕು. ತಪ್ಪಾತು. ಹೊಟ್ಯಾಗ ಹಾಕ್ಕೊ.”

ಮಲ್ಲವ್ವ ಮೊರ ಕೆಳಗಿಟ್ಟಳು. “ಬಾ. ಕುಂದ್ರು,” ಎಂದಳು. ಅವನು ಕೂತ. ನೀರು ತಂದು ಕೊಟ್ಟಳು. ಕುಡಿದ. ಅವನ ಮುಖದಲ್ಲಿ ಸಮಾಧಾನ ಕಂಡಿತು.

“ಆ ಸವಾಲ ಹಾಡು,” ಎಂದಳು.

“ಯಾವ ಸವಾಲ?”

“ಬಾವೀದು.”

“ಬ್ಯಾಡ ತಂಗಿ. ದನಿ ಹೋಗೇತಿ.”

“ಇದ್ದಷ್ಟರಾಗ ಹಾಡು. ಜವಾಬ ಕೊಡೂದು ಉಳದೈತಿ. ಸೋತಾಕಿ ಅಂತ ಅನಿಸ್ಕೊಂಡು ಇಷ್ಟ ವರ್ಷ ಬದುಕೀನಿ.”

ಅವನು ನನ್ನ ಕಡೆ ನೋಡಿದ. ನಾನು ಜೋಳದ ಕಡೆ ನೋಡಿದೆ. ಕೊನೆಗೆ ಹಾಡಿದ. ಒಂದೊಂದು ಶಬ್ದಕ್ಕೂ ಉಸಿರು ಎಳೆದುಕೊಂಡು, ಕೆಮ್ಮಿ, ನಾಲ್ಕು ಸಾಲನ್ನೂ ಹಾಡಿದ. ನನ್ನ ಬಾಯಿ ರೂಢಿಯಂತೆ ಹಿಮ್ಮೇಳಕ್ಕೆ ತೆರೆಯಿತು. ಮಲ್ಲವ್ವ ಕೈಯೆತ್ತಿ ತಡೆದಳು. ಹಾಡು ಬಿಟ್ಟು ಅಷ್ಟು ವರ್ಷವಾಗಿದ್ದರೂ ಆಕೆಯ ದನಿ ಸ್ವಲ್ಪವೂ ಕೆಟ್ಟಿರಲಿಲ್ಲ.

ಬಾವಿ ಕೇಳಿದ್ದು ಖರೆ ತಾಯಿ ಎಲ್ಲೆಂದು
ನಾನು ಕೇಳತೇನಿ ಅಣ್ಣಾ ಹೇಳೋ ಇಂದು
ಸೆರಗ ಹಿಡಿದ ಕೂಸಿನ ಬೆರಳ ಬಿಡಿಸಿ
ಹಾಡಿಕಿಗಿ ಹೊತ್ತಾತು ಬಾ ಅಂದವರ ಯಾರು?

ಅವನಿಗೆ ಮೊದಲು ತಿಳಿಯಲಿಲ್ಲ. ಹಾಡಿನ ಸೊಗಸಿಗೆ ತಲೆ ಕೂಡ ಆಡಿಸಿದ. ಆಮೇಲೆ ತಲೆ ನಿಂತಿತು.

“ಯಾರು?” ಎಂದ.

“ನೀನು. ಅವತ್ತ ಸಿದ್ದು ನನ್ನ ಬಿಡಾಕ ತಯಾರಿದ್ದಿಲ್ಲ. ಭಾಳ ಅಳತಿದ್ದ. ಇವತ್ತ ನಾ ಬರೂದಿಲ್ಲ ಅಣ್ಣಾ ಅಂದೆ. ಉಮದಿಯವರು ಕಾಯಾಕತ್ತಾರ ಅಂತ ನೀನ ಅವನ ಬೆರಳ ಒಂದೊಂದ ಬಿಡಿಸಿದಿ. ಕೈಯಾಗ ಬತ್ತಾಸ ಕೊಟ್ಟಿ.”

“ನನಗ ನೆನಪಿಲ್ಲ,” ಎಂದ ಬಸಣ್ಣ. ಅದು ಸುಳ್ಳಾಗಿರಲಿಲ್ಲ. ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

“ನನಗೈತಿ.”

“ಸ್ಟುಡಿಯೊದಾಗ ಯಾಕ ಅನಲಿಲ್ಲ ಇದನ್ನ? ಅವತ್ತಽ ಅಂದಿದ್ರ ನೀ ಗೆಲ್ತಿದ್ದಿ.”

“ಬಾಯಿಗಿ ಬಂದಿತ್ತು. ನುಂಗೀನಿ. ಅಂದಿದ್ರ ನೀ ಉಳೀತಿರಲಿಲ್ಲ. ಆಗ ನೀ ನನ್ನ ಅಣ್ಣ ಇದ್ದಿ.”

“ಮತ್ತ ಈಗ್ಯಾಕ ಅಂದಿ? ಸಾಯೂ ಹೊತ್ತಿನ್ಯಾಗ?”

ಮಲ್ಲವ್ವ ಮೊರವನ್ನು ತೊಡೆಯ ಮೇಲೆ ಎಳೆದುಕೊಂಡಳು. “ಈಗ ನೀ ಏನಾದರೂ ನನಗ ಏನೂ ಅನಸಂಗಿಲ್ಲ. ಅದಕ್ಕ,” ಎಂದಳು.

ಅವನು ಕೋಲು ಹುಡುಕಿದ. ಅದು ಅವನ ಕೈಯ ಹತ್ತಿರವೇ ಇತ್ತು, ಆದರೂ ಸಿಗಲಿಲ್ಲ. ನಾನು ಎತ್ತಿಕೊಟ್ಟೆ. ಗೋಡೆ ಹಿಡಿದು ಎದ್ದ. ಬಾಗಿಲ ಚೌಕಟ್ಟಿನ ಹತ್ತಿರ ನಿಂತು ಇನ್ನೇನೋ ಹೇಳಲು ಬಾಯಿ ತೆರೆದ. ಗಾಳಿ ಮಾತ್ರ ಬಂತು.

“ಲಗೂನ ಹೋಗು. ಬಿಸಲ ಏರಾಕತ್ತೈತಿ,” ಎಂದಳು ಮಲ್ಲವ್ವ, ಮೊರ ಕೇರುತ್ತ. ಅವನು ಇಳಿದುಹೋದ ಮೇಲೂ ಆಕೆ ತಲೆಯೆತ್ತಲಿಲ್ಲ. ಹೊಟ್ಟು ಹಾರಿ ನನ್ನ ಸೀರೆಯ ಮೇಲೆ ಬೀಳುತ್ತಿತ್ತು.